ಚಾರ್ಟಿನಲ್ಲಿ ಬಿಟ್ಟುಹೋದ ವೃತ್ತ

ದಹಿಸರ್ ಪೂರ್ವ
ಭಾನುವಾರ, 9 ನವೆಂಬರ್ 2025

ಪ್ರೀತಿಯ ಶೀಲಕ್ಕನಿಗೆ ಪ್ರಫುಲ್ಲಾಳ ನಮಸ್ಕಾರ.

ದಹಿಸರ್‌ನಿಂದ ಕಾಂದಿವಲಿಗೆ ಎರಡೇ ಸ್ಟೇಷನ್. ಬಂದು ಹೇಳುವುದು ಬಿಟ್ಟು ಇವಳೇಕೆ ಕಾಗದ ಬರೆದಳು ಎಂದು ನೀನು ಲಕೋಟೆಯನ್ನು ತಿರುಗಿಸಿ ನೋಡುತ್ತೀ ಎಂದು ಗೊತ್ತು. ಕಾರಣ ಎರಡು. ಜೂನ್‌ನಲ್ಲಿ ಆಪರೇಷನ್ ಆದಮೇಲೆ ನನ್ನ ಧ್ವನಿ ಸರಿಯಾಗಲೇ ಇಲ್ಲ. ಫೋನ್ ಮಾಡಿದರೆ ನೀನು "ಎಂತ, ಎಂತ" ಎಂದು ನಾಲ್ಕು ಸಲ ಕೇಳಿ ಆಮೇಲೆ ಸ್ಪೀಕರಿಗೆ ಹಾಕುತ್ತೀ. ಸ್ಪೀಕರಿಗೆ ಹಾಕಿದರೆ ಮನೆಯವರೆಲ್ಲ ಕೇಳುತ್ತಾರೆ. ಎರಡನೆಯದು, ಕನ್ನಡ ಓದಲು ಬರುವವರು ಆ ಮನೆಯಲ್ಲಿ ಈಗ ನೀನೊಬ್ಬಳೇ. ಅಣ್ಣು ಭಾವ ಇಲ್ಲ. ಲಾವಣ್ಯಾಗೆ ಮಾತು ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ಅಳಿಯ ರೋಶನ್‌ಗೂ ಅಷ್ಟೇ. ಈ ಕಾಗದ ಊಟದ ಮೇಜಿನ ಮೇಲೆ ಬಿದ್ದಿದ್ದರೂ ಅವರಿಗೆ ಅದು ಬರೀ ಗೆರೆಗಳು. ಇಪ್ಪತ್ತಾರು ವರ್ಷ ಕುರ್ಲಾದ ಮುನಿಸಿಪಲ್ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ನಮ್ಮ ಮನೆಯ ಹುಡುಗಿಗೆ ಅದು ಬಾರದೆ ಇರುವುದು ಒಳ್ಳೆಯದೇ ಆಯಿತು ಎಂದು ಇವತ್ತು ಅನ್ನಿಸುತ್ತಿದೆ.

ಇವರು ಬೋರಿವಲಿಯ ಹೋಟೆಲಿಗೆ ಡ್ಯೂಟಿಗೆ ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ. ಮಧ್ಯಾಹ್ನದ ಗಂಜಿ ಆಯಿತು. ಔಷಧಿಯೂ ಆಯಿತು.

ಅಕ್ಕ, ಮೊದಲು ನನ್ನ ಕಾಯಿಲೆಯ ವಿಷಯ ಸರಿಯಾಗಿ ಹೇಳಿಬಿಡುತ್ತೇನೆ. ಇಷ್ಟು ದಿನ "ಥೈರಾಯ್ಡಿನ ಗಡ್ಡೆ, ತೆಗೆದರು, ಮುಗಿಯಿತು" ಎಂದಷ್ಟೇ ಹೇಳಿದ್ದೆ. ಮುಗಿದಿಲ್ಲ.

ಇದು ಶುರುವಾದದ್ದು ಕುತ್ತಿಗೆಯಿಂದ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಜವಾಗಿ ನನಗೆ ಗೊತ್ತಾದದ್ದು ಹೊಟ್ಟೆಯಿಂದ. ಎರಡು ವರ್ಷ ದಿನಕ್ಕೆ ಐದಾರು ಸಲ ಭೇದಿ. ಹೊರಗಿನ ನೀರು, ಶಾಲೆಯ ಖಿಚಡಿ, ವಯಸ್ಸು ಎಂದು ಏನೇನೋ ಅಂದುಕೊಂಡೆ. ಬೆಳಿಗ್ಗೆ ಏನೂ ತಿನ್ನದೆ ಹೊರಡುತ್ತಿದ್ದೆ. ಫಾಸ್ಟ್ ಲೋಕಲ್ ಬಿಟ್ಟು ಸ್ಲೋ ಹಿಡಿಯುತ್ತಿದ್ದೆ, ಬೇಕಾದಲ್ಲಿ ಇಳಿಯಬಹುದಲ್ಲ ಎಂದು. ದಹಿಸರ್‌ನಿಂದ ದಾದರ್‌ವರೆಗೆ ಯಾವ ಸ್ಟೇಷನ್ನಿನ ಯಾವ ಪ್ಲಾಟ್‌ಫಾರ್ಮಿನಲ್ಲಿ ಶೌಚಾಲಯ ಎಲ್ಲಿದೆ, ಯಾವುದಕ್ಕೆ ಚಿಲಕ ಇದೆ ಎಂದು ಈಗಲೂ ಕಣ್ಣುಮುಚ್ಚಿ ಹೇಳಬಲ್ಲೆ. ಕೆಲವೊಮ್ಮೆ ಪಾಠ ಮಾಡುತ್ತಿರುವಾಗಲೇ ಮುಖಕ್ಕೆ ಬಿಸಿ ಏರಿ ಕೆಂಪಾಗುತ್ತಿತ್ತು. ಮುಟ್ಟು ನಿಲ್ಲುವ ವಯಸ್ಸಲ್ಲವೇ ಎಂದು ಸುಮ್ಮನಾದೆ. ಒಂದು ದಿನ ಮೂರನೇ ತರಗತಿಯ ಹುಡುಗಿಯೊಬ್ಬಳು, "ಟೀಚರ್, ನೀರು ನುಂಗುವಾಗ ನಿಮ್ಮ ಗಂಟಲಲ್ಲಿ ಏನೋ ಮೇಲೆ ಕೆಳಗೆ ಓಡ್ತದೆ" ಎಂದಳು. ಆಗ ಮುಟ್ಟಿ ನೋಡಿಕೊಂಡೆ. ಹಲಸಿನ ಬೀಜದಷ್ಟು ಇತ್ತು.

ಥೈರಾಯ್ಡ್ ಕ್ಯಾನ್ಸರ್ ಅಂದರೆ ಹೆದರಬೇಕಾಗಿಲ್ಲ, ಅಯೋಡಿನ್ ಕೊಟ್ಟರೆ ಸುಟ್ಟುಹೋಗುತ್ತದೆ ಎಂದು ಎಲ್ಲರೂ ಹೇಳಿದರು. ನನ್ನದು ಆ ಜಾತಿಯದಲ್ಲ. ಮೆಡುಲರಿ ಎಂದು ಹೆಸರು. ಗ್ರಂಥಿಯೊಳಗೆ ಬೇರೆ ಒಂದು ಬಗೆಯ ಜೀವಕಣಗಳು ಚೆದುರಿಕೊಂಡು ಇರುತ್ತವಂತೆ, ಇದು ಅವುಗಳಲ್ಲಿ ಹುಟ್ಟುವಂಥದ್ದು. ಅವು ಅಯೋಡಿನ್ ಹೀರುವುದಿಲ್ಲ, ಹಾಗಾಗಿ ಆ ಔಷಧಿ ಇದಕ್ಕೆ ನಾಟುವುದಿಲ್ಲ. ಅವು ಕ್ಯಾಲ್ಸಿಟೋನಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ರಕ್ತದಲ್ಲಿ ಅದು ಎಷ್ಟಿದೆ ಎಂದು ನೋಡಿದರೆ ಕಾಯಿಲೆ ಎಷ್ಟಿದೆ ಎಂದು ತಿಳಿಯುತ್ತದೆ. ನನ್ನ ಹೊಟ್ಟೆ ಕೆಡುತ್ತಿದ್ದದ್ದೂ ಈ ಕಾಯಿಲೆಯಿಂದಲೇ.

ಪರೇಲ್‌ನ ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರು ಕಾಗದದ ಮೇಲೆ ಒಂದು ಮೈಯ ಚಿತ್ರ ಬರೆದು ತೋರಿಸಿದರು. ಮೊದಲು ಗ್ರಂಥಿಯ ಪಕ್ಕದ ಸಣ್ಣ ಗಂಟುಗಳಿಗೆ. ಅಲ್ಲಿಂದ ಕುತ್ತಿಗೆಯ ಎರಡೂ ಬದಿಗೆ. ಆಮೇಲೆ ಕೆಳಗಿಳಿದು ಎರಡು ಶ್ವಾಸಕೋಶಗಳ ನಡುವಿನ ಜಾಗಕ್ಕೆ. ರಕ್ತ ಸೇರಿದ ಮೇಲೆ ಯಕೃತ್ತು, ಶ್ವಾಸಕೋಶ, ಮೂಳೆ. ಯಕೃತ್ತಿಗೆ ಹೋದರೆ ಒಂದೇ ಗಡ್ಡೆಯಾಗಿ ಕೂರುವುದಿಲ್ಲವಂತೆ, ಸಾಸಿವೆ ಚೆಲ್ಲಿದ ಹಾಗೆ ಅಲ್ಲಲ್ಲಿ ಕೂರುತ್ತದಂತೆ. ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದೂ ಇಲ್ಲ. ಡಾಕ್ಟರ ಪೆನ್ನು ಕುತ್ತಿಗೆಯಿಂದ ಕೆಳಗೆ ಬರುತ್ತಾ ಬರುತ್ತಾ ಸೊಂಟದ ಹತ್ತಿರ ನಿಂತಿತು. ನನ್ನದು ಎಲ್ಲಿದೆ ಎಂದು ಕೇಳಿದೆ. ನನ್ನಿಂದ ತೆಗೆದ ಮೂವತ್ತೊಂದು ಗಂಟುಗಳಲ್ಲಿ ಹದಿನಾಲ್ಕರಲ್ಲಿ ಇತ್ತು. ಯಕೃತ್ತಿನಲ್ಲಿ ಮೂರು ಚುಕ್ಕೆ, ಬೆನ್ನುಮೂಳೆಯಲ್ಲಿ ಒಂದು. ಆಪರೇಷನ್ ಆಗಿ ಮೂರು ತಿಂಗಳಿಗೆ ಕ್ಯಾಲ್ಸಿಟೋನಿನ್ ಇಳಿದು ಕಾಣದಂತಾಗಬೇಕಿತ್ತು. ಇಳಿಯಿತು, ಆದರೆ ನಡುದಾರಿಯಲ್ಲಿ ನಿಂತಿತು. ಇದು ನಿಧಾನದ ಕಾಯಿಲೆ, ಇದರ ಜೊತೆ ವರ್ಷಗಟ್ಟಲೆ ಬದುಕುವವರಿದ್ದಾರೆ ಎಂದರು. ಸರಿ ಎಂದೆ. ಬರುವಾಗ ದಾದರ್ ಮಾರ್ಕೆಟಿನಲ್ಲಿ ಇಳಿದು ಎರಡು ಕಟ್ಟು ಕೊತ್ತಂಬರಿ ಮತ್ತು ಕೋಕಂ ತೆಗೆದುಕೊಂಡೆ. ಮನೆಗೆ ಬಂದು ಕೊತ್ತಂಬರಿಯ ಬೇರು ಕತ್ತರಿಸಿ, ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆ. ಅಳು ಬರಲಿಲ್ಲ. ಈಗಲೂ ಬರುತ್ತಿಲ್ಲ. ಇದನ್ನು ಧೈರ್ಯ ಎಂದು ತಿಳಿಯಬೇಡ. ಕೈ ಮರಗಟ್ಟಿದಾಗ ಚಿವುಟಿದರೆ ಹೇಗಿರುತ್ತದೋ ಹಾಗಿದೆ.

ಆಗಸ್ಟಿನಲ್ಲಿ ಜೀನ್ ಟೆಸ್ಟ್ ಮಾಡಿದರು. ಈ ಕಾಯಿಲೆ ಬಂದ ನಾಲ್ವರಲ್ಲಿ ಒಬ್ಬರಿಗೆ ಅದು ಹೆತ್ತವರಿಂದ ಬಂದಿರುತ್ತದಂತೆ. ನನ್ನದು ಹಾಗೆ ಬಂದದ್ದು. ಅಮ್ಮನದೇ ಇರಬೇಕು. ನಿನಗೆ ನೆನಪಿರಬಹುದು, ಅಮ್ಮ ಬಸ್ಸು ಹತ್ತಲು ಒಪ್ಪುತ್ತಿರಲಿಲ್ಲ, ಮದುವೆ ಮನೆಯಲ್ಲಿ ಊಟ ಮಾಡುತ್ತಿರಲಿಲ್ಲ, ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡೇ ಇರುತ್ತಿದ್ದಳು. ಬೆವರು, ತಲೆನೋವು ಎನ್ನುತ್ತಿದ್ದಳು. ಐವತ್ತೆರಡಕ್ಕೆ ಕುರ್ಲಾದ ಚಾಳಿನ ನಲ್ಲಿ ಹತ್ತಿರ ಬಿದ್ದವಳು ಏಳಲಿಲ್ಲ. ಹಾರ್ಟ್ ಎಂದರು. ಈ ಜೀನ್ ಇದ್ದರೆ ಕಿಡ್ನಿಯ ಮೇಲಿನ ಗ್ರಂಥಿಯಲ್ಲೂ ಗಡ್ಡೆಯಾಗಿ ಬಿಪಿ ಒಮ್ಮೆಲೇ ಏರಬಹುದಂತೆ. ಅಮ್ಮನಿಗೆ ಅದೇ ಇತ್ತೋ ಏನೋ, ಈಗ ಯಾರು ಹೇಳಬೇಕು.

ಕೌನ್ಸೆಲಿಂಗ್ ಮಾಡುವ ರಾಧಿಕಾ ಎಂಬ ಹುಡುಗಿ ನಮ್ಮ ಕುಟುಂಬದ ಚಾರ್ಟ್ ಬರೆದಳು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಇದ್ದವರದು ಕಪ್ಪು. ಅಮ್ಮನ ವೃತ್ತದ ಕೆಳಗೆ ನಿನ್ನದು, ನನ್ನದು. ನನ್ನ ಪಕ್ಕ ತಿಲಕ್ ಎಂದು ಇವರ ಚೌಕ. ಇವರು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. "ಬಚ್ಚೆ?" ಎಂದು ಕೇಳಿದಳು. "ಮಕ್ಕಳಿಲ್ಲ" ಎಂದೆ. ಅವಳು ನನ್ನ ಕೆಳಗೆ ಒಂದು ಅಡ್ಡಗೆರೆ ಎಳೆದು ಬಿಟ್ಟಳು. ನಿನ್ನ ಕೆಳಗೆ ಒಂದು ವೃತ್ತ ಬರೆದು ಲಾವಣ್ಯಾ ಎಂದು, ಅದರ ಕೆಳಗೆ ಇನ್ನೊಂದು ಸಣ್ಣ ವೃತ್ತ ಬರೆದು ಪ್ರಣೀತಾ ಎಂದು ಹೆಸರು ಹಾಕಿದಳು. ನನ್ನ ಅಕ್ಕನಿಗೆ ಈ ಜೀನ್ ಇರುವ ಸಾಧ್ಯತೆ ಅರ್ಧಕ್ಕರ್ಧ, ಮೊದಲು ಅವರ ಟೆಸ್ಟ್ ಆಗಲಿ, ಅವರಲ್ಲಿ ಇಲ್ಲವಾದರೆ ಅವರ ಮಗಳಿಗೂ ಮೊಮ್ಮಗಳಿಗೂ ಬೇಕಾಗಿಲ್ಲ, ಇದು ಒಂದು ತಲೆಮಾರು ಬಿಟ್ಟು ಹಾರುವಂಥದ್ದಲ್ಲ ಎಂದಳು.

ಮನೆತನದ ಟೆಸ್ಟ್ ಎಂದಷ್ಟೇ ಹೇಳಿ ನಿನ್ನನ್ನು ಕಳಿಸಿದೆ, ನೀನು ಹೋಗಿ ರಕ್ತ ಕೊಟ್ಟೆ. ಅಕ್ಟೋಬರ್ ಕೊನೆಯ ಶುಕ್ರವಾರ ನಿನ್ನ ವಾಯ್ಸ್ ಮೆಸೇಜ್ ಬಂತು. "ಪ್ರಫುಲ್ಲಾ, ನನಗೆ ಇಲ್ಲವಂತೆ ಮಾರಾಯ್ತಿ. ಲಾವಣ್ಯಾಗೆ ಟೆಸ್ಟ್ ಬೇಡವಂತೆ. ಮಗುವಿಗೂ ಬೇಡವಂತೆ. ಡಾಕ್ಟ್ರೇ ಹೇಳಿದ್ರು. ನಮ್ಮ ಮನೆ ಕ್ಲಿಯರ್." ಹನ್ನೆರಡು ಸಲ ಕೇಳಿದೆ ಅದನ್ನು. ನೀನು ಸುಳ್ಳು ಹೇಳುತ್ತಿದ್ದೀಯಾ ಎಂದು ಹುಡುಕಿದೆ. ನಿನ್ನ ಧ್ವನಿಯಲ್ಲಿ ಸುಳ್ಳು ಸಿಗಲಿಲ್ಲ. ಅಕ್ಕ, ನೀನು ಮರೆತೇಬಿಟ್ಟಿದ್ದೆ.

ಮರೆತದ್ದು ತಪ್ಪಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ನಾವಿಬ್ಬರೂ ಒಂದೇ ಒಂದು ಸಲವೂ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಆದ್ದರಿಂದ ಈಗ ಬರೆಯುತ್ತೇನೆ. ಲಾವಣ್ಯಾಳನ್ನು ಹೆತ್ತವಳು ನಾನು.

ನನಗೆ ಆಗ ಇಪ್ಪತ್ತು. ಟ್ರೇನಿಂಗ್ ಕಾಲೇಜಿನ ಕೊನೆಯ ವರ್ಷ. ನಾನು ಬಸಿರು ಎಂದು ಗೊತ್ತಾದ ವಾರವೇ ಆ ಮನುಷ್ಯ ರೂಮು ಖಾಲಿ ಮಾಡಿ ಹೋಗಿದ್ದ. ನಿನಗೆ ಮದುವೆಯಾಗಿ ಏಳು ವರ್ಷ, ಮಕ್ಕಳಿರಲಿಲ್ಲ. ಅಮ್ಮ ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು, "ಒಬ್ಬಳಿಗೆ ಬೇಕು, ಒಬ್ಬಳಿಗೆ ಬೇಡ, ಇನ್ನೇನು ಯೋಚನೆ" ಎಂದಳು. ಬೇಡ ಎಂದು ನಾನು ಹೇಳಿರಲಿಲ್ಲ. ಬೇಕು ಎಂದೂ ಹೇಳಲಿಲ್ಲ. ಭಾವ ವಸಯಿಯಲ್ಲಿ ಐದು ತಿಂಗಳಿಗೆ ಒಂದು ಕೋಣೆ ಹಿಡಿದರು. ಅಲ್ಲಿಯ ಸಣ್ಣ ಆಸ್ಪತ್ರೆಯಲ್ಲಿ ನನ್ನ ಹೆಸರಿನ ಜಾಗದಲ್ಲಿ ನಿನ್ನದು, ಶೀಲಾವತಿ ಎಂದು ಬರೆಸಿದರು. ನರ್ಸು ಆ ಹೆಸರು ಕರೆದಾಗ ನಾನು ತಿರುಗಿ ನೋಡದೆ ಬೈಸಿಕೊಂಡಿದ್ದೇನೆ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ನೀನು ಅವಳನ್ನು ಬೆಳೆಸಿದ ರೀತಿಗೆ ನಾನು ಎಂದೂ ಒಂದು ಮಾತು ಆಡಿಲ್ಲ, ಈಗಲೂ ಆಡುತ್ತಿಲ್ಲ. ಅವಳು ನಿನ್ನ ಮಗಳು.

ಆದರೆ ರಕ್ತ ನನ್ನದು, ಅಮ್ಮನದು. ಅವಳಿಗೆ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅವಳಿಗೆ ಬಂದಿದ್ದರೆ ಪ್ರಣೀತಾಗೂ ಅಷ್ಟೇ. ಹುಟ್ಟಿನಿಂದ ಈ ಜೀನ್ ಇರಬಹುದಾದ ಮಕ್ಕಳಿಗೆ ಐದು ವರ್ಷದೊಳಗೆ ಟೆಸ್ಟ್ ಆಗಬೇಕು, ಗಡ್ಡೆ ಏಳುವ ಮೊದಲೇ ಗ್ರಂಥಿ ತೆಗೆದರೆ ಕಾಯಿಲೆಯೇ ಬರುವುದಿಲ್ಲ ಎಂದು ರಾಧಿಕಾ ಹೇಳಿದಳು. ಪ್ರಣೀತಾಗೆ ಮಾರ್ಚ್‌ನಲ್ಲಿ ಐದು ತುಂಬುತ್ತದೆ.

ಕಳೆದ ಸೋಮವಾರ ನಾನೊಬ್ಬಳೇ ಮತ್ತೆ ಪರೇಲ್‌ಗೆ ಹೋಗಿದ್ದೆ. ರಾಧಿಕಾಗೆ ಹೇಳಿದೆ. ಅವಳು ಏನೂ ಕೇಳದೆ ಚಾರ್ಟ್ ತೆಗೆದು, ನನ್ನ ಕೆಳಗಿನ ಅಡ್ಡಗೆರೆ ಅಳಿಸಿ ಅಲ್ಲಿ ಒಂದು ವೃತ್ತ ಬರೆದಳು. ಆಮೇಲೆ, "ಇದು ಈ ಫೈಲಿನಿಂದ ಹೊರಗೆ ಹೋಗುವುದಿಲ್ಲ. ಆದರೆ ನಾವು ಅವರಿಗೆ ಫೋನ್ ಮಾಡುವ ಹಾಗಿಲ್ಲ. ಹೇಳಬೇಕಾದವರು ನೀವೇ" ಎಂದಳು.

ಅಕ್ಕ, ನೀನು ಹೇಳು. ಅವಳು ನಿನ್ನ ಬಾಯಿಂದ ಕೇಳಬೇಕು. ನಾನು ಹೇಳಿದರೆ ಅವಳನ್ನು ನಿನ್ನಿಂದ ಕಿತ್ತುಕೊಳ್ಳಲು ಬಂದವಳಂತೆ ಕಾಣುತ್ತೇನೆ. ನನಗೆ ಅವಳು ಬೇಡ. ಅವಳು ಬದುಕಬೇಕು, ಅಷ್ಟೇ.

ನಿನ್ನ ತಂಗಿ,
ಪ್ರಫುಲ್ಲಾ

ತಾ.ಕ.: ಹದಿನೈದು ದಿನ ಕಾಯುತ್ತೇನೆ. ಆಮೇಲೆ ನಾನೇ ಕಾಂದಿವಲಿಗೆ ಬಂದು ಹೇಳುತ್ತೇನೆ. ಇದು ಬೆದರಿಕೆಯಂತೆ ಕೇಳಿಸಿದರೆ ಹಾಗೇ ತಿಳಿದುಕೋ. ಇವರಿಗೆ ಇನ್ನೂ ಏನೂ ಗೊತ್ತಿಲ್ಲ.

* * *

ಕಾಂದಿವಲಿ ಪಶ್ಚಿಮ
ಬುಧವಾರ, 26 ನವೆಂಬರ್ 2025

ಪ್ರಫುಲ್ಲಾಗೆ,

ನಾನು ಏಳನೇ ಕ್ಲಾಸಿನವಳು. ನಿನ್ನ ಹಾಗೆ ಬರೆಯಲು ಬರುವುದಿಲ್ಲ. ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿಕೋ.

ನಿನ್ನ ಕಾಗದ ಓದಿದ ಮೇಲೆ ಹರಿದುಹಾಕಬೇಕು ಅನ್ನಿಸಿತು. ಎರಡು ತುಂಡು ಮಾಡಿದೆ. ಆಮೇಲೆ ಸೆಲ್ಲೋಟೇಪ್ ಹಾಕಿ ಅಂಟಿಸಿದೆ. ಮಗು ಬಂದು "ಅಜ್ಜಿ ಕ್ಯಾ ಕರ್ ರಹೀ ಹೋ" ಎಂದು ಕೇಳಿತು. ಕ್ರಾಫ್ಟ್ ಮಾಡ್ತಿದ್ದೇನೆ ಎಂದೆ.

ನಾನು ಮರೆತಿದ್ದೆ ಎಂದು ಬರೆದಿದ್ದೀ. ಒಳ್ಳೆಯ ಮಾತು. ಹೌದು ಎಂದು ಒಪ್ಪಿಕೊಂಡುಬಿಡಬಹುದಿತ್ತು. ಆದರೆ ನಾನು ಮರೆತಿರಲಿಲ್ಲ. ಒಂದು ದಿನವೂ ಮರೆತಿಲ್ಲ. ಡಾಕ್ಟ್ರು "ನಿಮ್ಮ ಮಗಳಿಗೆ ಬೇಡ" ಎಂದಾಗ ಹೇಳಬೇಕು ಎಂದು ಬಾಯಿ ತೆರೆದೆ, ಥ್ಯಾಂಕ್ಯೂ ಎಂದು ಎದ್ದುಬಂದೆ. ನಾನು ಹೇಳಿದ್ದಲ್ಲ, ಡಾಕ್ಟ್ರೇ ಹೇಳಿದ್ದು, ಅವರಿಗೆ ಗೊತ್ತಿಲ್ಲದ್ದಾ ಎಂದು ರಿಕ್ಷಾದಲ್ಲಿ ಕೂತು ನನಗೆ ನಾನೇ ಹೇಳಿಕೊಂಡೆ. ನಿನಗೆ ಮೆಸೇಜ್ ಮಾಡುವಾಗ ಲಾವಣ್ಯಾ ಪಕ್ಕದಲ್ಲೇ ಇದ್ದಳು. ಅದಕ್ಕೇ ಅಷ್ಟು ಖುಷಿಯ ಧ್ವನಿ. ನೀನು ಹನ್ನೆರಡು ಸಲ ಕೇಳಿಯೂ ಗೊತ್ತಾಗಲಿಲ್ಲ ಅಂದರೆ ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಚೆನ್ನಾಗಿಯೇ ಕಲಿತಿದ್ದೇನೆ.

ಎರಡು ವಾರ ನಾನು ಏನು ಮಾಡಿದೆ ಎಂದು ಕೇಳಬೇಡ. ಮಗುವಿನ ಕುತ್ತಿಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಸ್ನಾನ ಮಾಡಿಸುವಾಗ, ಜಡೆ ಹಾಕುವಾಗ. ಕಚಗುಳಿ ಎಂದು ಅದು ನಗುತ್ತಿತ್ತು.

ಭಾನುವಾರ ರೋಶನ್ ಮಗುವನ್ನು ಗಾರ್ಡನ್ನಿಗೆ ಕರೆದುಕೊಂಡು ಹೋದಾಗ ಹೇಳಿದೆ. ಲಾವಣ್ಯಾ ಒಣಗಿದ ಬಟ್ಟೆ ಮಡಚುತ್ತಿದ್ದಳು. ಎದುರು ಕೂತು, "ನಿನ್ನನ್ನು ಹೆತ್ತದ್ದು ನಾನಲ್ಲ, ಪ್ರಫುಲ್ಲಾ" ಎಂದೆ. ಸುತ್ತುಬಳಸಿ ಹೇಳಲು ನನಗೆ ಬರುವುದಿಲ್ಲ. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. ಮಗುವಿನ ಒಂದೇ ಫ್ರಾಕನ್ನು ಬಿಚ್ಚಿ ಮಡಚಿ, ಬಿಚ್ಚಿ ಮಡಚಿ ಮಾಡಿದಳು.

"ಪಪ್ಪಾಗೆ ಗೊತ್ತಿತ್ತಾ?" ಎಂದು ಕೇಳಿದಳು.

"ಗೊತ್ತಿತ್ತು."

"ಮತ್ತೆ ಯಾರಿಗೆ?"

"ನಿನ್ನ ಅಜ್ಜಿಗೆ. ಈಗ ಅವಳೂ ಇಲ್ಲ."

"ಓಕೆ" ಎಂದಳು. ಆಮೇಲೆ, "ಇವತ್ತು ಯಾಕೆ ಹೇಳ್ತಿದ್ದಿ?"

ಕಾಯಿಲೆಯ ವಿಷಯ ಹೇಳಿದೆ. ನನಗೆ ತಿಳಿದಷ್ಟು. ಗಂಟಲು, ಗಂಟು, ಯಕೃತ್ತು, ಮೂಳೆ ಎಂದು ನೀನು ಬರೆದದ್ದನ್ನೇ ಹೇಳಿದೆ. ಅವಳು ಫೋನ್ ತೆಗೆದು ಏನೋ ಓದಿದಳು, ತುಂಬ ಹೊತ್ತು ಓದಿದಳು. ನಾನು ನೀರು ಕೊಟ್ಟೆ, ಕುಡಿಯಲಿಲ್ಲ. "ಟೆಸ್ಟ್ ಕಹಾಂ ಹೋತಾ ಹೈ" ಎಂದು ಟೆಸ್ಟ್ ಮಾಡುವ ಜಾಗವನ್ನು ಹಿಂದಿಯಲ್ಲಿ ಕೇಳಿದಳು. ನನ್ನ ಹತ್ತಿರ ಅವಳು ಹಿಂದಿ ಆಡುವುದಿಲ್ಲ. ರಾಧಿಕಾ ನಂಬರ್ ಕೊಟ್ಟೆ. ಮರುದಿನವೇ ಆಫೀಸಿಗೆ ರಜೆ ಹಾಕಿ ಇಬ್ಬರದೂ ರಕ್ತ ಕೊಟ್ಟುಬಂದಳು. ಮಗು ಅತ್ತಿತಂತೆ.

ಅವತ್ತು ಸಂಜೆಯೇ ಬಟ್ಟೆ ಕಟ್ಟಿಕೊಂಡು ಮಗುವನ್ನು ಕರೆದುಕೊಂಡು ಕುರ್ಲಾದಲ್ಲಿ ಅವಳ ಅತ್ತೆ, ರೋಶನ್‌ನ ಅಮ್ಮನ ಮನೆಗೆ ಹೋದಳು. ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ, "ಅಮ್ಮ, ಬಿಪಿ ಗೋಲಿ ತಗೋ" ಎಂದಷ್ಟೇ ಹೇಳಿದಳು. ರೋಶನ್ ಮಾತ್ರ ಇಲ್ಲಿದ್ದಾನೆ. ಬೆಳಿಗ್ಗೆ ಚಹಾ ಮಾಡಿಕೊಡುತ್ತಾನೆ. "ಟೈಮ್ ದೋ ಮಮ್ಮೀ" ಎನ್ನುತ್ತಾನೆ, ಅವಳಿಗೆ ಸ್ವಲ್ಪ ಸಮಯ ಕೊಡಬೇಕಂತೆ.

ನಿನಗೆ ಅವಳು ಬೇಡ ಎಂದು ಬರೆದಿದ್ದೀ. ಆ ಒಂದು ಗೆರೆ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು. ಬೇಡವಾದವಳು ಪ್ರತಿ ವರ್ಷ ಅವಳ ಹುಟ್ಟುಹಬ್ಬಕ್ಕೆ ಶಾಲೆಗೆ ರಜೆ ಹಾಕುತ್ತಿದ್ದದ್ದು ನನಗೆ ಗೊತ್ತಿಲ್ಲವಾ? ನಾನು ಕಣ್ಣಿದ್ದವಳು.

ಮನೆ ಬಿಕೋ ಎನ್ನುತ್ತಿದೆ.

ಶೀಲಾವತಿ

ತಾ.ಕ.: ವಸಯಿಯಿಂದ ಅವಳನ್ನು ತರುವ ದಿನ ನೀನು ಬಾಗಿಲಿಗೆ ಬರುತ್ತೀ, ಕೊಡುವುದಿಲ್ಲ ಎನ್ನುತ್ತೀ ಎಂದು ನಾನು ರೈಲ್ವೆ ಸ್ಟೇಷನ್‌ವರೆಗೂ ಹಿಂದೆ ತಿರುಗಿ ನೋಡಿದ್ದೆ. ನೀನು ಬಂದಿದ್ದರೆ ಕೊಟ್ಟುಬಿಡುತ್ತಿದ್ದೆ. ನೀನು ಬರಲಿಲ್ಲ.

* * *

ದಹಿಸರ್ ಪೂರ್ವ
ಭಾನುವಾರ, 8 ಫೆಬ್ರವರಿ 2026

ಪ್ರೀತಿಯ ಅಕ್ಕನಿಗೆ,

ಲಾವಣ್ಯಾಳ ಆಪರೇಷನ್ ದಿನ ಆಸ್ಪತ್ರೆಯ ಒಂದೇ ಬೆಂಚಿನಲ್ಲಿ ನಾವಿಬ್ಬರೂ ನಾಲ್ಕು ಗಂಟೆ ಕೂತಿದ್ದೆವು. ನೀನು ಇಡ್ಲಿ ತಂದಿದ್ದೆ, ತಿಂದೆವು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ.

ಡಿಸೆಂಬರಿನಲ್ಲಿ ಅವಳ ರಿಪೋರ್ಟ್ ಬಂದ ಮೂರನೇ ದಿನ ಅವಳು ನನ್ನ ಮನೆಗೆ ಬಂದಿದ್ದಳು. ಅಮ್ಮನಿಗೆ ಹೇಳಬೇಡಿ ಎಂದಿದ್ದಳು. ಹೇಳುತ್ತಿದ್ದೇನೆ. ಇನ್ನು ಮೇಲೆ ಈ ಕುಟುಂಬದಲ್ಲಿ ಯಾವುದನ್ನೂ ಮುಚ್ಚಿಡುವ ಶಕ್ತಿ ನನಗಿಲ್ಲ.

ಮಧ್ಯಾಹ್ನದ ಹೊತ್ತು. ಆಫೀಸಿನ ಕಾರ್ಡು ಕುತ್ತಿಗೆಯಲ್ಲೇ ಇತ್ತು. ಕೂತುಕೋ ಎಂದರೂ ಕೂರಲಿಲ್ಲ. ಕಿಟಕಿಯ ಹತ್ತಿರ ನಿಂತು, "ಪಾಸಿಟಿವ್" ಎಂದಳು. ಸೋನೋಗ್ರಫಿಯಲ್ಲಿ ಏಳು ಮಿಲಿಮೀಟರಿನ ಗಡ್ಡೆ ಕಂಡಿದೆ, ಕ್ಯಾಲ್ಸಿಟೋನಿನ್ ಸ್ವಲ್ಪ ಏರಿದೆ, ಮಗುವಿನ ರಿಪೋರ್ಟ್ ಇನ್ನೂ ಬಂದಿಲ್ಲ ಎಂದಳು. ಚಹಾ ಮಾಡಲೇ ಎಂದೆ. ಬೇಡ ಎಂದಳು.

ಆಮೇಲೆ, "ಚಿಕ್ಕಮ್ಮ, ತೋರಿಸಿ" ಎಂದಳು. ಸೆರಗು ಸರಿಸಿದೆ. ಒಂದು ಕಿವಿಯ ಕೆಳಗಿನಿಂದ ಕುತ್ತಿಗೆಯ ಇನ್ನೊಂದು ಬದಿಯವರೆಗೆ ಇರುವ ಗಾಯದ ಗೆರೆಯನ್ನು ಹತ್ತಿರ ಬಂದು ನೋಡಿದಳು. ಮುಟ್ಟಲಿಲ್ಲ. "ಎಷ್ಟು ದಿನಕ್ಕೆ ಪ್ರಣೀತಾನ್ನ ಎತ್ತಿಕೊಳ್ಬಹುದು?" ಎಂದು ಕೇಳಿದಳು. ಒಂದು ತಿಂಗಳು ಬೇಡ ಎಂದೆ. ತಲೆಯಾಡಿಸಿದಳು.

ಹೊರಡುವ ಮೊದಲು ಇನ್ನೊಂದು ಕೇಳಿದಳು. "ನೀವು ನನ್ನನ್ನು ಎತ್ಕೊಂಡಿದ್ರಾ? ಆಗ?"

"ಹನ್ನೊಂದು ದಿನ" ಎಂದೆ.

"ಮತ್ತೆ?"

"ಮತ್ತೆ ಅಕ್ಕ ಬಂದಳು."

ಅವಳು ಚಪ್ಪಲಿ ಹಾಕಿಕೊಳ್ಳುತ್ತಾ, "ನಾನು ಬಂದಿದ್ದೆ ಅಂತ ಅಮ್ಮಾಗೆ ಹೇಳ್ಬೇಡಿ. ಅಮ್ಮ ಅಳ್ತಾಳೆ. ಅಮ್ಮಂದು ಬಿಪಿ ಮೊದಲೇ ಜಾಸ್ತಿ" ಎಂದಳು. ಒಂದೇ ಉಸಿರಿನಲ್ಲಿ ಮೂರು ಸಲ ನಿನ್ನನ್ನು ಅಮ್ಮ ಎಂದಳು. ನನ್ನನ್ನು ಚಿಕ್ಕಮ್ಮ ಎಂದೇ ಕರೆದಳು. ನಿನಗೆ ಇದನ್ನು ತಿಳಿಸಲಿಕ್ಕೇ ಈ ಕಾಗದ.

ನೀನು ವಸಯಿಯ ಬಾಗಿಲಿನ ವಿಷಯ ಬರೆದಿದ್ದೆಯಲ್ಲ. ನಾನು ಬಾಗಿಲಿಗೆ ಬರಲಿಲ್ಲ, ನಿಜ. ಒಳಗಿನಿಂದ ಚಿಲಕ ಹಾಕಿಕೊಂಡು ಅದಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ತೆರೆದಿದ್ದರೆ ಅವಳನ್ನು ಕೊಡುತ್ತಿರಲಿಲ್ಲ. ಅಷ್ಟು ಗೊತ್ತಿತ್ತು.

ಬಯಾಪ್ಸಿ ರಿಪೋರ್ಟನ್ನು ನಿನಗೆ ರೋಶನ್ ವಿವರಿಸಿರುತ್ತಾನೆ, ಆದರೂ ಬರೆಯುತ್ತೇನೆ. ತೆಗೆದ ಒಂಬತ್ತು ಗಂಟುಗಳಲ್ಲಿ ಒಂದರಲ್ಲಿ ಮಾತ್ರ ಇತ್ತು. ಅದೂ ಗ್ರಂಥಿಯ ಪಕ್ಕದ್ದರಲ್ಲೇ. ಮುಂದಕ್ಕೆ ಹೋಗಿರಲಿಲ್ಲ. ನನ್ನಲ್ಲಿ ಅದು ನಡೆದ ದಾರಿಯ ಮೊದಲ ಮೆಟ್ಟಿಲಿನಲ್ಲಿ ಅವಳಲ್ಲಿ ಸಿಕ್ಕಿಬಿದ್ದಿದೆ. ಇನ್ನೆರಡು ವರ್ಷ ಬಿಟ್ಟಿದ್ದರೆ ಎಂದು ಡಾಕ್ಟರು ಹೇಳಲು ಹೊರಟು ನಿಲ್ಲಿಸಿದರು. ಪ್ರಣೀತಾಗೆ ಜೀನ್ ಇಲ್ಲ ಎಂಬ ಸುದ್ದಿ ಬಂದ ದಿನ ನೀನು ನನಗೆ ಫೋನ್ ಮಾಡಿ ಏನೂ ಮಾತಾಡದೆ ಇಟ್ಟುಬಿಟ್ಟೆಯಲ್ಲ, ನಾನು ಇಲ್ಲಿ ಹಾಗೇ ಫೋನ್ ಹಿಡಿದುಕೊಂಡು ನಿಂತಿದ್ದೆ. ಕುಕ್ಕರ್ ಆರು ಸೀಟಿ ಹಾಕಿತು. ಅನ್ನ ತಳ ಹಿಡಿಯಿತು.

ಇವರಿಗೂ ಹೇಳಿದೆ. ಲಾವಣ್ಯಾ ಬಂದುಹೋದ ಸಂಜೆಯೇ. ಎಂಟು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಒಂಬತ್ತನೇ ದಿನ ಡ್ಯೂಟಿಯಿಂದ ಬಂದವರು ಕೈಕಾಲು ತೊಳೆದು, "ಆ ಹುಡುಗಿ ಮೆತ್ತಗಿನದ್ದು ಏನು ತಿನ್ನುತ್ತಾಳೆ? ಆಪರೇಷನ್ ಆದಮೇಲೆ ನುಂಗಲು ಕಷ್ಟವಲ್ಲವಾ?" ಎಂದು ಕೇಳಿದರು. ಈಗ ದಿನಾ ಹೋಟೆಲಿನಲ್ಲಿ ರಾಗಿ ಮಣ್ಣಿ ಮಾಡಿಸಿಕೊಂಡು ಕಾಂದಿವಲಿಗೆ ತಲುಪಿಸುತ್ತಿರುವವರು ಅವರೇ. ನೀನು ರೋಶನ್ ತರುತ್ತಾನೆ ಎಂದುಕೊಂಡಿರಬಹುದು.

ಅವಳು ಕುರ್ಲಾದಿಂದ ನಿನ್ನ ಮನೆಗೇ ವಾಪಸು ಬಂದದ್ದು ಕೇಳಿ ಸಮಾಧಾನವಾಯಿತು. ನಿನ್ನ ಹತ್ತಿರ ಈಗಲೂ ಹೆಚ್ಚು ಮಾತಾಡುವುದಿಲ್ಲ ಎಂದು ಕೊರಗಬೇಡ. ಗಂಟಲಿನ ಹೊಲಿಗೆ ಒಣಗಲಿ. ನನ್ನ ಬಗ್ಗೆ ಚಿಂತೆ ಮಾಡಬೇಡ. ಜನವರಿಯ ರಿಪೋರ್ಟಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ, ಎಲ್ಲ ಹಾಗೆಯೇ ಇದೆ. ಜೂನ್‌ನಿಂದ ಶಾಲೆಗೆ ಹೋಗಬಹುದು.

ಪ್ರೀತಿಯಿಂದ,
ಪ್ರಫುಲ್ಲಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಮೇಲಿನ ಕೊನೆಯ ಮೂರು ಸಾಲು ಸುಳ್ಳು. ಕ್ಯಾಲ್ಸಿಟೋನಿನ್ ಐದು ತಿಂಗಳಲ್ಲಿ ಎರಡರಷ್ಟಾಗಿದೆ. ಯಕೃತ್ತಿನ ಚುಕ್ಕೆಗಳು ಈಗ ಎಣಿಸುವಂತಿಲ್ಲ. ಸೊಂಟದ ಮೂಳೆಯಲ್ಲಿ ಹೊಸದೊಂದು ಬಂದಿದೆ, ಅದು ನೋಯುತ್ತದೆ. ಗುರುವಾರ ಹತ್ತು ಗಂಟೆಗೆ ಪರೇಲ್‌ನಲ್ಲಿ ಹೊಸ ಮಾತ್ರೆ ಶುರು ಮಾಡುತ್ತಾರೆ. ಇವರು ಬರುತ್ತೇನೆ ಎಂದರು. ನೀನು ಬರುತ್ತೀ ಎಂದು ನಾನೇ ಹೇಳಿಬಿಟ್ಟೆ. ಎಂಟೂ ಇಪ್ಪತ್ತರ ಚರ್ಚ್‌ಗೇಟ್ ಗಾಡಿ, ನಡುವಿನ ಲೇಡೀಸ್ ಡಬ್ಬಿ. ಕಾಂದಿವಲಿ ಬರುವಾಗ ಬಾಗಿಲ ಹತ್ತಿರವೇ ನಿಂತಿರುತ್ತೇನೆ. ನನಗೆ ಹೆದರಿಕೆಯಾಗುತ್ತಿದೆ ಅಕ್ಕ.